ಕೃಷ್ಣಗಿರಿಗೆ ಪುಸ್ತಕ ಒಪ್ಪಿಸಲು ಹೋದದ್ದು

ರಾತ್ರಿ ಪಾಳಿ ಮುಗಿಸಿ ಹೊಸೂರಿನ ಅವಲಪಲ್ಲಿಯಲ್ಲಿ ಕಂಪನಿ ಬಸ್ಸಿಂದ ಇಳಿದು ಮನೆಗೆ ಬಂದರೆ, ನಮ್ಮ ದೊಡ್ಡಪ್ಪ ತಿಮ್ಮರಾಯಪ್ಪ ಮೇಷ್ಟ್ರು ಇಸ್ತ್ರಿ ಅಂಗಿ, ಬಿಳಿ ಪಂಚೆ ಉಟ್ಟು ಗೇಟಿನಲ್ಲೇ ನಿಂತಿದ್ದರು. ಕಾಲ ಬಳಿ ಜವಳಿ ಅಂಗಡಿಯ ಹಳದಿ ಕೈಚೀಲ. ಅದರೊಳಗೆ ಮೂರು ದಪ್ಪ ಪುಸ್ತಕ.

"ಮುಖ ತೊಳ್ಕೊಂಡ್ ಬಾರ್ಲಾ ಸೀನ. ಬಸ್ಸು ಹೊಂಟೋಯ್ತದೆ."

"ಇನ್ನೂ ಕಣ್ಣೇ ಮುಚ್ಚಿಲ್ಲ ದೊಡ್ಡಪ್ಪ ನಾನು."

"ಬಸ್ಸಲ್ಲಿ ಮುಚ್ಚೀಯಂತೆ."

ಹೀಗೆ ನನ್ನ ಕೃಷ್ಣಗಿರಿ ಯಾತ್ರೆ ಆರಂಭವಾಯಿತು. ಪ್ರವಾಸ ಕಥನ ಬರೆಯುವವರು ಹೊರಡುವ ಮುಂಚಿನ ಉತ್ಸಾಹವನ್ನು ಒಂದು ಪುಟ ವರ್ಣಿಸುತ್ತಾರೆ. ನನ್ನಲ್ಲಿ ಇದ್ದದ್ದು ಆಕಳಿಕೆ ಮಾತ್ರ.

ಆ ಮೂರು ಪುಸ್ತಕಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ಒಂದು ಸಾಹಿತ್ಯ ವಿಮರ್ಶೆ, ಒಂದು ಈ ಸೀಮೆಯ ರಾಜಕೀಯ ಚರಿತ್ರೆ, ಇನ್ನೊಂದು ಮನುಷ್ಯ ತೊಟ್ಟಿಲಿನಿಂದ ಮುಪ್ಪಿನವರೆಗೆ ಬೆಳೆಯುವ ಬಗೆಯನ್ನು ಹೇಳುವ ಮಾನವ ವಿಕಾಸದ ಪಠ್ಯ. ಮೂರೂ ಕೃಷ್ಣಗಿರಿಯ ಗೋವಿಂದರಾಜು ಮೇಷ್ಟ್ರಿಂದ ಎರವಲು ತಂದವು. ದೊಡ್ಡಪ್ಪನೂ ಅವರೂ ಕೆಲಸಕ್ಕೆ ಸೇರಿದ ಕಾಲದಿಂದ ಗೆಳೆಯರು, ಕೆಲಸದಲ್ಲಿದ್ದಾಗಲೇ ಒಂದು ಕಟ್ಟಳೆ ಮಾಡಿಕೊಂಡವರು. ಎರವಲು ಒಯ್ದ ಪುಸ್ತಕವನ್ನು ಸುಮ್ಮನೆ ಹಿಂದಿರುಗಿಸುವ ಹಾಗಿಲ್ಲ. ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ, ಎದ್ದು ನಿಂತು, ಪುಸ್ತಕ ಮುಚ್ಚಿಟ್ಟು, ಅದರ ಸಾರವನ್ನು ಒಪ್ಪಿಸಬೇಕು. ಒಪ್ಪಿಸಿದರೆ ಮುಂದಿನ ಪುಸ್ತಕ. ಇಲ್ಲದಿದ್ದರೆ ಅದನ್ನೇ ಹೊತ್ತುಕೊಂಡು ವಾಪಸ್ಸು ಬರಬೇಕು. ಇಬ್ಬರಿಗೂ ಪಿಂಚಣಿ ಬಂದು ಎಷ್ಟೋ ವರ್ಷವಾದರೂ ಈ ಶಿಕ್ಷೆಯಿಂದ ಬಿಡುಗಡೆ ಇಲ್ಲ.

ತೊಂದರೆ ಏನೆಂದರೆ, ಕಳೆದ ಮಳೆಗಾಲದಿಂದ ದೊಡ್ಡಪ್ಪನ ಕಣ್ಣು ಮಂಜಾಗುತ್ತ ಬಂದು ಈಗ ಬಸ್ಸು ಕಾಣಿಸುತ್ತದೆ, ಬೋರ್ಡು ಕಾಣಿಸುವುದಿಲ್ಲ. ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಹಾಗಾಗಿ ಮೂರೂ ಪುಸ್ತಕವನ್ನು ಓದಿದ್ದು ನಾನು. ಪಾಳಿ ಮುಗಿಸಿ ಬಂದು ನೆಟ್ಟಗೆ ಓದಿದರೆ ಎರಡನೆಯ ಪುಟಕ್ಕೆ ನಾನು ತೂಕಡಿಸುತ್ತಿದ್ದೆ, ಮೂರನೆಯದಕ್ಕೆ ದೊಡ್ಡಪ್ಪ ಗೊರಕೆ ಹೊಡೆಯುತ್ತಿದ್ದರು. ಆಗ ನನಗೆ ತಿಳಿದ ಒಂದೇ ವಿದ್ಯೆಯನ್ನು ಬಳಸಿದೆ. ಕಾರ್ಖಾನೆಯಲ್ಲಿ ಸೂಪರ್‌ವೈಸರನ ಗಂಟಲು ತೆಗೆದು ಅಣಕಿಸಿ ಎರಡು ಸಲ ನೋಟೀಸು ತಿಂದವನು ನಾನು. ವಿಮರ್ಶೆಯನ್ನು ನಮ್ಮ ಬೀದಿಯ ಜಾತಕದ ಅಯ್ನೋರ ಮೂಗಿನ ದನಿಯಲ್ಲಿ ಓದಿದೆ. ಚರಿತ್ರೆಯನ್ನು ಬಸ್ ಕಂಡಕ್ಟರನ ಗಂಟಲಲ್ಲಿ ಓದಿದೆ. ಮಾನವ ವಿಕಾಸವನ್ನು ಮಕ್ಕಳಿಗೆ ಲಸಿಕೆಯ ಊಸಿ ಹಾಕಲು ಬರುವ ನರ್ಸಮ್ಮನಿಗೆ ಬಿಟ್ಟುಕೊಟ್ಟೆ. ನಡುವೆ ಒಂದೆರಡು ಮಾತು ನನ್ನದೂ ಸೇರಿರಬಹುದು. ಲೇಖಕರು ಪಕ್ಕದಲ್ಲಿರಲಿಲ್ಲ, ಬೇಡ ಅನ್ನಲಿಲ್ಲ.

ಹೊಸೂರಿನಿಂದ ಹೆದ್ದಾರಿಯಲ್ಲಿ ಶೂಳಗಿರಿ ಮೇಲೆ ಹೋದರೆ ಕೃಷ್ಣಗಿರಿ ಸುಮಾರು ಐವತ್ತು ಕಿಲೋಮೀಟರು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ತಲುಪಬಹುದು. ನನಗೆ ಬೇಕಾಗಿದ್ದೂ ಕಣ್ಣು ಮುಚ್ಚುವುದೇ. ದೊಡ್ಡಪ್ಪ ಒಪ್ಪಲಿಲ್ಲ. ಉದ್ದನಪಲ್ಲಿ, ರಾಯಕೋಟೆ ಮೇಲೆ ಸುತ್ತಿಕೊಂಡೇ ಹೋಗಬೇಕೆಂದರು. ರಾಯಕೋಟೆಯಲ್ಲಿ ಬಸ್ಸು ಬದಲಿಸಬೇಕು, ಬಿಸಿಲು ಬೇರೆ.

"ಯಾಕೆ ದೊಡ್ಡಪ್ಪ?"

"ಉದ್ದನಪಲ್ಲಿ ಸ್ಕೂಲಿಗೆ ಹನ್ನೆರಡು ವರ್ಷ ಓಡಾಡಿದೀನಿ ಕಣ್ಲಾ. ಆ ದಾರೀಲಿ ನಂಗೆ ಕಣ್ಣು ಬೇಡ."

ನಿಜವೇ. ಕಿಟಕಿ ಪಕ್ಕ ಕುಳಿತು, ಬಸ್ಸು ವಾಲುವುದನ್ನು ಮೈಯಲ್ಲೇ ಓದುತ್ತ, "ಈಗ ಹುಣಸೆಮರ ಬತ್ತದೆ ನೋಡು" ಎನ್ನುತ್ತಿದ್ದರು. ಮರ ಬರುತ್ತಿತ್ತು. ಎರಡು ಕಡೆ ಮರ ಕಡಿದು ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆ ಕಟ್ಟಿದ್ದರು. ನಾನು "ಹೂಂ, ಬಂತು" ಎಂದೆ. ಇಷ್ಟು ಹೊತ್ತಿನಲ್ಲಿ ಮರ ಕಡಿದ ಸುದ್ದಿ ಯಾಕೆ?

ನಿದ್ದೆಯ ಮಾತು ಸುಳ್ಳಾಯಿತು. ಉದ್ದನಪಲ್ಲಿ ದಾಟುವ ಮೊದಲೇ ದೊಡ್ಡಪ್ಪ ಒಪ್ಪಿಸುವ ತಾಲೀಮು ಶುರು ಮಾಡಿದರು. ಯಾವ ಅಧ್ಯಾಯದ ಮೇಲೆ ಯಾವುದು, ಪಾಳೆಯಗಾರರು ಮುಗಿದ ಮೇಲೆ ಯಾರು, ಹೀಗೆ. ಪಕ್ಕದ ಸೀಟಿನಲ್ಲಿ ಬುಟ್ಟಿ ಹಿಡಿದು ಕುಳಿತಿದ್ದ ಹೆಂಗಸು ಬಹಳ ಹೊತ್ತು ಕೇಳಿಸಿಕೊಂಡು ನನ್ನನ್ನು ಮೊಣಕೈಯಿಂದ ತಿವಿದಳು.

"ಯಾರ ಮ್ಯಾಲಪ್ಪ ಕೇಸು?"

"ಕೇಸಲ್ಲಮ್ಮ. ಪುಸ್ತಕ ಒಪ್ಪಿಸಕ್ಕೆ ಹೋಯ್ತಾವ್ರೆ."

"ಈ ವಯಸ್ಸಲ್ಲಾ?" ಎಂದು ದೊಡ್ಡಪ್ಪನನ್ನು ನೋಡಿ, "ಪಾಸಾದ್ರೆ ಏನ್ ಕೊಡ್ತಾರೆ?"

"ಇನ್ನೊಂದು ಪುಸ್ತಕ ಕೊಡ್ತಾರೆ."

"ಅಯ್ಯೋ ಪಾವಂ" ಎಂದು ತಮಿಳಿನಲ್ಲಿ ಮರುಗಿ ಬುಟ್ಟಿಯಿಂದ ಒಂದು ಸೀಬೆಹಣ್ಣು ತೆಗೆದುಕೊಟ್ಟಳು. ಯಾರಿಗೆ ಎಂದು ಹೇಳಲಿಲ್ಲ. ನಾನೇ ತಿಂದೆ.

ರಾಯಕೋಟೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಹತ್ತಿತ್ತು. ಟೊಮೆಟೊ ಕ್ರೇಟುಗಳನ್ನು ಪೇರಿಸಿದ ಗಾಡಿಗಳು ರಸ್ತೆಯನ್ನೇ ಮುಚ್ಚಿದ್ದವು. ಸೋರಿದ ಹಣ್ಣಿನ ಹುಳಿವಾಸನೆ, ನೊಣ, ಅದರ ಮೇಲೆ ಹಾರ್ನು. ಎದುರಿಗೆ ಕೋಟೆಯ ಬಂಡೆ ಬೆಟ್ಟ, ಹತ್ತಿ ನೋಡಿ ಎಂದು ಕಥನಕಾರರು ಬರೆಯುತ್ತಾರೆ. ನನಗೆ ಟೀ ಅಂಗಡಿಯ ಬೆಂಚು ಹತ್ತುವುದೇ ಸಾಕಾಗಿತ್ತು. ಬೋಂಡಾ ಎಣ್ಣೆ ಕುಡಿದಿತ್ತು, ಟೀ ಚೆನ್ನಾಗಿತ್ತು. ಅಲ್ಲಿ ಕುಳಿತೇ ದೊಡ್ಡಪ್ಪ ಅಸಲು ವಿಷಯ ತೆಗೆದರು.

"ಗೋವಿಂದರಾಜುಗೆ ನನ್ನ ಕಣ್ಣಿನ ಸುದ್ದಿ ಗೊತ್ತಾಗಬಾರ್ದು."

"ಗೊತ್ತಾದ್ರೆ ಏನಾಯ್ತದೆ?"

"ಕಾಲೇಜಿನೋರು ಬಂದು ಕೇಳ್ತಾವ್ರಂತೆ, ಎಲ್ಲಾ ಪುಸ್ತಕ ಕೊಟ್ಬುಡಿ, ನಾವೇ ಗಾಡಿ ಕಳಿಸ್ತೀವಿ ಅಂತ. ಓದೋರು ಒಬ್ರವ್ರೆ ಅಂತ ತಡೆ ಹಾಕವ್ನೆ. ಆ ಒಬ್ಬ ನಾನು ಕಣ್ಲಾ." ಟೀ ಲೋಟವನ್ನು ಬೆಂಚಿನ ಮೇಲೆ ಎರಡು ಸಲ ತಡಕಾಡಿ ಇಟ್ಟರು. "ಪುಸ್ತಕದ ಬೀರು ಖಾಲಿ ಆದ್ರೆ ನಾನು ಅಲ್ಲಿಗೆ ಏನಂತ ಹೋಗ್ಲಿ? ಅವನು ಏನಂತ ಕಾಯ್ತಾನೆ?"

ಇಬ್ಬರೂ ಸೇರಿ ಒಂದು ಏರ್ಪಾಡು ಮಾಡಿಕೊಂಡೆವು. ಕೈ ಹಿಡಿದು ನಡೆಸಿದರೆ ಗೊತ್ತಾಗುತ್ತದೆ. ಆದ್ದರಿಂದ ಮೆಟ್ಟಿಲು ಬಂದಾಗ ನಾನು ಒಂದು ಸಲ ಕೆಮ್ಮಬೇಕು, ದೊಡ್ಡಪ್ಪ ಕಾಲೆತ್ತಬೇಕು. ರಾಯಕೋಟೆ ಬಸ್ ನಿಲ್ದಾಣದಲ್ಲೇ ಅಭ್ಯಾಸ ಮಾಡಿದೆವು. ಅಲ್ಲಿದ್ದ ಒಬ್ಬರು ನನಗೆ ಶುಂಠಿ ಕಷಾಯ ಕುಡಿಯಲು ಹೇಳಿದರು.

ಕೃಷ್ಣಗಿರಿ ತಲುಪಿದಾಗ ಮಧ್ಯಾಹ್ನ. ಮಾವಿನ ಕಾಲ, ನಿಲ್ದಾಣದ ಹೊರಗೆ ಹಣ್ಣಿನ ಗುಡ್ಡೆಗಳು. ಊರಿನ ನೆತ್ತಿಯ ಮೇಲೆ ಕುಳಿತ ಬಂಡೆ ಬೆಟ್ಟ ಕಾದ ಹೆಂಚಿನಂತೆ ಬಿಸಿಯನ್ನೆಲ್ಲ ಕೆಳಗೆ ಕಳಿಸುತ್ತಿತ್ತು. ಆಟೋದವನು ಕೇಳಿದ್ದಕ್ಕಿಂತ ಇಪ್ಪತ್ತು ರೂಪಾಯಿ ಕಡಿಮೆಗೆ ಹಳೇಪೇಟೆಗೆ ಬಂದ. ನಾನು ಅವನ ತಮಿಳನ್ನು ಅವನಿಗೇ ಹಿಂದಿರುಗಿಸಿ ಚೌಕಾಸಿ ಮಾಡಿದ್ದು ಅವನಿಗೆ ನಗು ತರಿಸಿತ್ತು.

ಗೋವಿಂದರಾಜು ಮೇಷ್ಟ್ರ ಮನೆಗೆ ಬೀದಿಯಿಂದ ಎರಡು ಮೆಟ್ಟಿಲು. ನಾನು ಎರಡು ಸಲ ಕೆಮ್ಮಿದೆ, ದೊಡ್ಡಪ್ಪ ರಾಜನಂತೆ ಹತ್ತಿದರು. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಒಳಗಿನಿಂದ ಮನೆಯ ಯಜಮಾನರು ಬಂದರು. ಮೊದಲಿಗಿಂತ ಅರ್ಧ ಆಗಿದ್ದರು. ನಮ್ಮನ್ನು ನೋಡಿ ನಗಲು ಹೋಗಿ ಕೆಮ್ಮಿದರು. ಒಂದಾದ ಮೇಲೆ ಒಂದು, ನಿಲ್ಲದ ಕೆಮ್ಮು.

ದೊಡ್ಡಪ್ಪ ಕಾಲೆತ್ತಿದರು. ನುಣ್ಣನೆಯ ಸಮತಟ್ಟು ನೆಲದ ಮೇಲೆ ಕಾಣದ ಮೆಟ್ಟಿಲನ್ನು ಒಂದು ಹತ್ತಿದರು, ಎರಡು ಹತ್ತಿದರು, ಮೂರು ಹತ್ತಿದರು. ಕೆಮ್ಮು ನಿಲ್ಲಲಿಲ್ಲ, ದೊಡ್ಡಪ್ಪನೂ ನಿಲ್ಲಲಿಲ್ಲ. ನಾನು ಓಡಿ ಹೋಗಿ ಭುಜ ಹಿಡಿಯುವ ಹೊತ್ತಿಗೆ ಜಗಲಿಯ ನಟ್ಟನಡುವೆ ಕೊಕ್ಕರೆಯಂತೆ ಒಂಟಿಗಾಲಲ್ಲಿದ್ದರು.

ಗೋವಿಂದರಾಜು ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡಿದರು. ದೊಡ್ಡಪ್ಪನ ಕಾಲನ್ನು, ಆಮೇಲೆ ಮುಖವನ್ನು, ಆಮೇಲೆ ನನ್ನನ್ನು.

"ಕಾಲು ಜೋಮು ಹಿಡೀತಾ ತಿಮ್ಮರಾಯಪ್ಪ? ಬಸ್ಸಲ್ಲಿ ಕೂತು ಕೂತು ಹಂಗೇ ಆಯ್ತದೆ. ಕೂತ್ಕೋ ಬಾ."

"ಹೂಂ ಕಣಯ್ಯ. ಜೋಮು" ಎಂದರು ದೊಡ್ಡಪ್ಪ.

ಗೋವಿಂದರಾಜು ಮೇಷ್ಟ್ರ ಸೊಸೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಕೊನೆಗೆ ಮಾವಿನಹಣ್ಣು. ದೊಡ್ಡಪ್ಪ ತಟ್ಟೆಯ ಕಡೆ ನೋಡದೆಯೇ ಉಂಡರು, ಮಾತಿನ ರಭಸದಲ್ಲಿ ಹಾಗೆ ಎಂದು ತೋರುವಂತೆ ಎಡೆಬಿಡದೆ ಮಾತಾಡುತ್ತ. ನೋಡಿ ನನಗೇ ಆಯಾಸವಾಯಿತು.

ಊಟವಾದ ಮೇಲೆ ಒಪ್ಪಿಸುವ ಹೊತ್ತು. ಗೋವಿಂದರಾಜು ಮೇಷ್ಟ್ರು ಕುರ್ಚಿಯಲ್ಲಿ ಕುಳಿತರು, ಹಿಂದೆ ಗಾಜಿನ ಬಾಗಿಲಿನ ಎರಡು ಬೀರು ತುಂಬ ಪುಸ್ತಕ. ದೊಡ್ಡಪ್ಪ ಎದ್ದು ಕೈಕಟ್ಟಿ ನಿಂತರು. ವಿಮರ್ಶೆಯಿಂದ ಶುರು. ಮೊದಲು ಚೆನ್ನಾಗಿಯೇ ಹೋಯಿತು. ನಾಲ್ಕನೆಯ ಮಾತಿಗೆ ಗಂಟಲು ಮೂಗಿಗೆ ಏರಿತು.

"ಈ ಕಾವ್ಯಕ್ಕೆ ಸ್ವಲ್ಪ ದೋಷ ಇದೆ. ಆದರೆ ಪರಿಹಾರವೂ ಇದೆ."

ಅದು ಜಾತಕದ ಅಯ್ನೋರ ಮೂಗು. ದೊಡ್ಡಪ್ಪನಿಗೆ ಪುಸ್ತಕ ನೆನಪಿದ್ದದ್ದೇ ಆ ಗಂಟಲುಗಳಲ್ಲಿ. ಗಂಟಲು ಬಿಟ್ಟು ಮಾತನ್ನು ಮಾತ್ರ ಹೇಗೆ ತೆಗೆಯುತ್ತಾರೆ? ಚರಿತ್ರೆಗೆ ಬಂದಾಗ ಕೈಕಟ್ಟು ಬಿಚ್ಚಿ ಒಂದು ಕೈ ಮೇಲೆ ಇಲ್ಲದ ಬಸ್ಸಿನ ಕಂಬಿ ಹಿಡಿದಿತ್ತು.

"ಒಳಗೆ ಹೋಗಿ, ಒಳಗೆ ಹೋಗಿ. ಪಾಳೆಯಗಾರರೆಲ್ಲ ಇಳ್ಕೊಳ್ಳಿ. ಕಂಪನಿಯವರು ಹತ್ತಿದ್ರು, ಟಿಕೆಟ್ ತಗೊಳ್ಳಲೇ ಇಲ್ಲ, ಗಾಡೀನೇ ತಗೊಂಡ್ಬುಟ್ರು."

ಗೋವಿಂದರಾಜು ಮೇಷ್ಟ್ರು ನಕ್ಕರು. ನಗು ಕೆಮ್ಮಾಯಿತು, ಸೊಸೆ ಬಂದು ಬಿಸಿನೀರು ಕೊಟ್ಟು ಹೋದರು. ದೊಡ್ಡಪ್ಪನ ಬಲಗಾಲು ಅರ್ಧ ಎದ್ದು, ನೆನಪಾಗಿ, ಕೆಳಗಿಳಿಯಿತು.

ಕೊನೆಗೆ ಮಾನವ ವಿಕಾಸ. ನರ್ಸಮ್ಮನ ಗಂಟಲಲ್ಲಿ ಮಗು ಮಗುಚಿತು, ತೆವಳಿತು, ಶಾಲೆಗೆ ಸೇರಿತು, ಮದುವೆಯಾಯಿತು. ಕಡೆಯ ಅಧ್ಯಾಯ ಮುಪ್ಪು.

"ಮುಪ್ಪಿನಲ್ಲಿ ಇಂದ್ರಿಯಗಳು ಒಂದೊಂದೇ ರಜಾ ಹಾಕುತ್ತವೆ. ಹಠ ಮಾತ್ರ ದಿನಾ ಡ್ಯೂಟಿಗೆ ಬರುತ್ತದೆ."

ಮಾತು ಮುಗಿದ ಕೂಡಲೆ ದೊಡ್ಡಪ್ಪ ತಡೆದು ನಿಂತರು. ಅದು ಲೇಖಕರ ಮಾತಲ್ಲ. ದೊಡ್ಡಪ್ಪ ಕನ್ನಡಕ ಬೇಡವೆಂದು ಜಗಳವಾಡಿದ ದಿನ ನಾನು ಓದಿನ ನಡುವೆ ತುರುಕಿದ್ದು. ರಜಾ, ಡ್ಯೂಟಿ ಎಂದು ಯಾವ ಪ್ರಾಧ್ಯಾಪಕರು ಬರೆಯುತ್ತಾರೆ?

"ಇದು ಎಲ್ಲೈತೆ?" ಎಂದು ಗೋವಿಂದರಾಜು ಮೇಷ್ಟ್ರು ಪುಸ್ತಕ ತೆಗೆದುಕೊಂಡರು. ಆ ಪುಸ್ತಕವನ್ನು ಅವರು ಮಕ್ಕಳಿಗೆ ಎಷ್ಟು ವರ್ಷ ಪಾಠ ಹೇಳಿದ್ದರೋ.

"ಕಡೇ ಅಧ್ಯಾಯ. ಎಡಗಡೆ ಪುಟ" ಎಂದರು ದೊಡ್ಡಪ್ಪ, ಗೋಡೆಯ ಕಡೆ ನೋಡುತ್ತ.

ಅವರು ಪುಟ ತಿರುವಿದರು. ಎಡಗಡೆ ನೋಡಿದರು. ಬಲಗಡೆ ನೋಡಿದರು. ಪುಸ್ತಕದ ಮೇಲಿಂದ ನನ್ನನ್ನು ನೋಡಿದರು. ನಾನು ನನ್ನ ಕಾಲಿನ ಹೆಬ್ಬೆರಳನ್ನು ಬಹಳ ಶ್ರದ್ಧೆಯಿಂದ ಅಭ್ಯಾಸ ಮಾಡಿದೆ.

"ಹೂಂ. ಐತೆ" ಎಂದರು ಅವರು, ಪುಸ್ತಕ ಮುಚ್ಚಿ. "ಸರಿಯಾಗಿ ಒಪ್ಪಿಸಿದೀಯ."

ಬೀರುವಿನಿಂದ ಎಲ್ಲಕ್ಕಿಂತ ದಪ್ಪದ ಪುಸ್ತಕ ತೆಗೆದರು, ಇಟ್ಟಿಗೆಯಂಥ ಸಾಹಿತ್ಯ ಚರಿತ್ರೆ. ದೊಡ್ಡಪ್ಪ ಎಂದಿನಂತೆ ಎರಡೂ ಕೈ ಚಾಚಿದರು. ಪುಸ್ತಕ ಆ ಕೈಗಳ ಪಕ್ಕದಲ್ಲೇ ಹಾದು ನನ್ನ ಮಡಿಲಿಗೆ ಬಂತು.

"ಭಾರ ಐತೆ. ಹುಡುಗ ಹೊರಲಿ" ಎಂದರು. ಮತ್ತೆ ಸ್ವಲ್ಪ ಉಸಿರು ತೆಗೆದುಕೊಂಡು, "ಕಾಲೇಜಿನೋರು ಫೋನ್ ಮಾಡಿದ್ರು. ಇನ್ನೂ ಓದೋರವ್ರೆ, ಈಗ ಬರಬ್ಯಾಡಿ ಅಂತೀನಿ. ಇದು ಮುಗ್ಸು, ತಿಮ್ಮರಾಯಪ್ಪ. ಅವಸರ ಏನಿಲ್ಲ. ಆದ್ರೆ ತೀರಾ ತಡ ಮಾಡಬ್ಯಾಡ."

ಮೆಟ್ಟಿಲಿನವರೆಗೂ ಬಂದರು. ಅಲ್ಲಿ ನಾನು ಕೆಮ್ಮುವ ಮೊದಲೇ ಅವರು ದೊಡ್ಡಪ್ಪನ ಮೊಣಕೈ ಹಿಡಿದು, ಏನೋ ಹಳೇ ಶಾಲೆಯ ಮಾತಾಡುತ್ತ, ಎರಡೂ ಮೆಟ್ಟಿಲು ಇಳಿಸಿಬಿಟ್ಟರು.

ವಾಪಸ್ಸಿಗೆ ದೊಡ್ಡಪ್ಪ ತಾವಾಗಿ, "ಹೆದ್ದಾರೀಲೇ ಹೋಗನ. ಸಾಕಾಗೈತೆ" ಎಂದರು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಆ ದಾರಿಯ ತಿರುವುಗಳು ಅವರ ಮೈಗೆ ತಿಳಿಯವು. ಆಗಾಗ "ಎಲ್ಲಿದೀವ್ಲಾ?" ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಹಿಂದಿನ ಗಾಜಿನಲ್ಲಿ ಕೃಷ್ಣಗಿರಿಯ ಬಂಡೆ ಕೆಂಪಗೆ ಕಾಣುತ್ತಿತ್ತು. ಅದನ್ನೂ ಹೇಳಿದೆ.

"ಅವನಿಗೆ ಗೊತ್ತಾಗಲಿಲ್ಲ ಅಲ್ಲೇನ್ಲಾ?"

"ಇಲ್ಲ ದೊಡ್ಡಪ್ಪ. ಎಲ್ಲಿ ಗೊತ್ತಾಗ್ತದೆ."

"ರಜಾ, ಡ್ಯೂಟಿ. ಅದು ನಿಂದು."

ನಾನು ಪುಸ್ತಕವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡೆ.

"ಬಾಯಿಂದ ಬಂದಮೇಲೆ ಗೊತ್ತಾಯ್ತು ನಂಗೆ. ಅಷ್ಟು ವರ್ಸ ಪಾಠ ಹೇಳ್ದವನಿಗೆ ಗೊತ್ತಾಗಲ್ವಾ?" ಕಿಟಕಿಯ ಕಡೆ ತಿರುಗಿದರು. "ಐತೆ ಅಂದ."

ನನ್ನ ಕಣ್ಣು ಎಳೆಯತೊಡಗಿದಾಗ ತೊಡೆಯ ಮೇಲಿನ ಪುಸ್ತಕವನ್ನು ಬೆರಳಿಂದ ತಟ್ಟಿದರು.

"ಒಂದು ಪುಟ ಓದು."

"ಯಾರ ಗಂಟಲು?"

ಶೂಳಗಿರಿ ಬರುವ ತನಕ ಯೋಚಿಸಿದರು. ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟಿತು.

"ಗೋವಿಂದರಾಜುದು ಬತ್ತದಾ?"

ಬತ್ತದಾ ಎಂದು ಕೇಳಿದ್ದೇ ನನಗೆ ಅವಮಾನವಾಯಿತು. ಮುದ್ದೆ ನುಂಗುವಷ್ಟರಲ್ಲೇ ನಾನು ಅದನ್ನು ಹಿಡಿದಿದ್ದೆ. ಮಾತಿನ ನಡುವೆ ಬಿಡುವ ಉಸಿರು, ಕಡೆಯ ಅಕ್ಷರವನ್ನು ಒಳಗೇ ನುಂಗುವುದು, ಎಲ್ಲ. ಮೊದಲ ಪುಟ ತೆರೆದು ಓದಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ದೊಡ್ಡಪ್ಪ ತಲೆಯನ್ನು ಕಂಬಿಗೆ ಒರಗಿಸಿ ಕಣ್ಣು ಮುಚ್ಚಿ ಕೇಳಿದರು. ಒಂದು ಸಲ ಬಾಯಿ ನಕ್ಕಿತು. ಪ್ಯಾರಾ ಮುಗಿದಲ್ಲಿ ನಾನು ಗೋವಿಂದರಾಜು ಮೇಷ್ಟ್ರಂತೆಯೇ ಕೆಮ್ಮಿದೆ. ಎದೆಯ ಆಳದಿಂದ ಬಂದ, ನನಗೇ ಹೆಮ್ಮೆಯಾಗುವಂಥ ಕೆಮ್ಮು.

ದೊಡ್ಡಪ್ಪನ ಕಾಲು ಬಸ್ಸಿನ ನೆಲದಿಂದ ಒಂದಿಷ್ಟು ಎದ್ದು ಹಾಗೆಯೇ ಇಳಿಯಿತು. ಕಣ್ಣು ತೆರೆಯಲಿಲ್ಲ.

"ಕೆಮ್ಮು ಬಿಟ್ಟು ಓದ್ಲಾ" ಎಂದರು.

ಹೊಸೂರು ಬರುವವರೆಗೂ ಕೆಮ್ಮು ಬಿಟ್ಟು ಓದಿದೆ.