ಗೌರಾಬಾಯಿಯ ರೊಟ್ಟಿ, ಅಂಬಾಬಾಯಿಯ ಒಲೆ

ಗೌರಾಬಾಯಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಉಳಿದ ಎಲ್ಲದರಲ್ಲೂ ಆಕೆ ತಕ್ಕಮಟ್ಟಿಗೆ ಒಳ್ಳೆಯ ಹೆಂಗಸು. ಸಿಂದಗಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಸಿದ್ದಲಿಂಗಪ್ಪ ಪುಣೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಊರಾಚೆ, ಗಡದ ಬುಡದಲ್ಲಿ, ಅಂದರೆ ಹಳೇ ಕೋಟೆಯಿರುವ ಬೆಟ್ಟದ ಬುಡದಲ್ಲಿ ಮನೆ. ಬೆಳಗಾಗುತ್ತಲೇ ಜೋಳದ ಹಿಟ್ಟು ಹೊತ್ತು ಗಡ ಹತ್ತಿ, ಮೇಲಿನ ಚಪ್ಪರದಲ್ಲಿ ಬಿಸಿ ರೊಟ್ಟಿ ತಟ್ಟಿ, ಕಡಲೆಹಿಟ್ಟಿನ ಜುಣಕದ ಜೊತೆ ಮಾರುವುದು ಅವಳ ಕಸುಬು.

ಪಕ್ಕದ ಚಪ್ಪರ ಅಂಬಾಬಾಯಿಯದು. ಅಕ್ಕಲಕೋಟೆಯ ಈ ವಿಧವೆಯನ್ನು ಕೈಹಿಡಿದು ಮೇಲೆ ಕರೆತಂದವಳೇ ಗೌರಾಬಾಯಿ. ಅಂಬಾಬಾಯಿ ಒಲೆಯ ಮೇಲೆ ಹಾಲು ಕಾಯಿಸಿ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿ ಗಟ್ಟಿ ಮೊಸರು ಮಾಡಿಟ್ಟಳು, ಬಂದವರನ್ನೆಲ್ಲ ನಗುನಗುತ್ತಾ ಮಾತಾಡಿಸಿದಳು. ಅಷ್ಟೇ ಸಾಕಾಯಿತು. ರಾಂಜಣಗಾಂವದ ಕಾರ್ಖಾನೆ ಹುಡುಗರು, ಬೆಂಗಳೂರಿನಿಂದ ಬಂದ ಕಂಪ್ಯೂಟರಿನ ಮಂದಿ, ಎಲ್ಲರೂ ಗೌರಾಬಾಯಿಯ ಚಪ್ಪರ ದಾಟಿಕೊಂಡು ಅಲ್ಲಿಗೇ ಹೋಗಿ ಕೂರುತ್ತಿದ್ದರು. ಅವರು ಮೊಸರು ಬಾಯಿಗಿಟ್ಟು 'ವ್ಹಾ' ಎಂದಾಗಲೆಲ್ಲ ಗೌರಾಬಾಯಿ ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ನಾದುತ್ತಿದ್ದಳು.

"ಮಾತಿನ ಮಲ್ಲಿ. ನಕ್ಕು ನಕ್ಕು ಮಾರತಾಳ," ಎಂದು ಗಂಡನ ಮುಂದೆ ಉರಿದುಬೀಳುತ್ತಿದ್ದಳು.

"ನೀನೂ ಒಂದೀಟು ನಗು," ಎನ್ನುತ್ತಿದ್ದ ಸಿದ್ದಲಿಂಗಪ್ಪ. ಅವತ್ತು ಅವನಿಗೆ ತಣ್ಣನೆಯ ಊಟ.

ಹೀಗಿರುವಾಗ ಗಡಕ್ಕೆ ಹೊಸ ಕಟ್ಟಳೆ ಬಂತು. ಭಾನುವಾರದ ಜಾತ್ರೆಯಂಥ ಗದ್ದಲಕ್ಕೆ ಗಡ ಸೋತುಹೋಗಿತ್ತು. ಪ್ಲಾಸ್ಟಿಕ್ಕು ಕಣಿವೆ ತುಂಬಿತ್ತು, ಗಿಡಮರ ವಿರಳವಾಗಿತ್ತು. ಇನ್ನು ಮುಂದೆ ಗಾಡಿಗಳೆಲ್ಲ ಕೆಳಗೇ ನಿಲ್ಲಬೇಕು, ಮೇಲಕ್ಕೆ ಕರೆಂಟಿನ ಬಸ್ಸು ಮಾತ್ರ, ದಿನಕ್ಕೆ ಇಷ್ಟೇ ಜನ, ವಾರಕ್ಕೊಂದು ದಿನ ಗಡಕ್ಕೇ ರಜೆ ಎಂದು ಗಡದ ಉಸ್ತುವಾರಿ ಸಮಿತಿ ಗೊತ್ತುಮಾಡಿತು. ಸೌದೆ ಒಲೆ ಪೂರ್ತಿ ಬಂದ್. ಇಬ್ಬರು ಹೆಂಗಸರಿಗೆ ಸೇರಿ ಒಂದೇ ಗ್ಯಾಸ್ ಒಲೆ. ಜೊತೆಗಾತಿ ಯಾರೆಂದು ಅವರವರೇ ಸಮಿತಿಯ ಸಾಹೇಬನಿಗೆ ತಿಳಿಸಬೇಕು. ಜೊತೆ ಸಿಗದವರು ಗಡ ಇಳಿಯಬೇಕು.

ಗೌರಾಬಾಯಿಯನ್ನು ಯಾರೂ ಕೇಳಲಿಲ್ಲ. ಅವಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ತಾನಾಗಿ ಹೋಗಿ ಕೇಳಲು ಅವಳ ಬಿಗುಮಾನ ಬಿಡಲಿಲ್ಲ. ಅತ್ತ ಅಂಬಾಬಾಯಿಯ ಚಪ್ಪರದಲ್ಲಿ ಮಾತ್ರ "ನನ್ನ ಕರಕೋರಿ, ನನ್ನ ಕರಕೋರಿ" ಎಂದು ಹೆಂಗಸರ ಸಾಲು. ಅದನ್ನು ನೋಡಿ ನೋಡಿ ಗೌರಾಬಾಯಿಯ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಸೀದಾ ಸಾಹೇಬನ ಹತ್ತಿರ ಹೋಗಿ, ಅಂಬಾಬಾಯಿ ಗಡದ ಹಿಂದಿನ ಹಸಿ ಮರ ಕಡಿದು ಒಲೆಗೆ ಹಾಕುತ್ತಾಳೆಂದು ಚಾಡಿ ಹೇಳಿ ಬಂದಳು. ಅಂಬಾಬಾಯಿಯ ಸೌದೆ ದಿನಾ ಅವಳ ತಲೆಯ ಮೇಲೇ ಕೆಳಗಿನಿಂದ ಬರುತ್ತಿತ್ತು. ಗೌರಾಬಾಯಿಗೆ ಅದು ಚೆನ್ನಾಗಿ ಗೊತ್ತು, ಇಬ್ಬರೂ ಜೊತೆಗೇ ಗಡ ಹತ್ತುತ್ತಿದ್ದರಲ್ಲ!

ಸಭೆಯ ದಿನ ಸಾಹೇಬ ಜೋಡಿಗಳ ಹೆಸರು ಹೇಳುತ್ತಾ ಹೋದ. ಅಂಬಾಬಾಯಿಯ ಸರದಿ ಬಂದಾಗ, ಮರ ಕಡಿದ ದೂರು ಬಂದಿದೆ, ಈ ಒಲೆ ರದ್ದು, ಜೊತೆಗಾತಿಗೂ ಜಾಗವಿಲ್ಲ ಎಂದು ಮರಾಠಿಯಲ್ಲಿ ಸಾರಿದ. ಗೌರಾಬಾಯಿಗೆ ಹಾಲು ಕುಡಿದಷ್ಟು ಸಂತೋಷ. ಆ ನತದೃಷ್ಟ ಜೊತೆಗಾತಿ ಯಾರಪ್ಪಾ ಎಂದು ಕತ್ತು ಉದ್ದ ಮಾಡಿದಳು.

ಸಾಹೇಬ ಅವಳ ಹೆಸರನ್ನೇ ಹೇಳಿದ.

ಅಂಬಾಬಾಯಿ ಕಣ್ಣೊರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. "ನನ್ನ ಸಲುವಾಗಿ ನಿಮ್ಮ ಹೊಟ್ಟಿ ಮ್ಯಾಲೂ ಕಲ್ಲು ಬಿತ್ತು ನೋಡ್ರಿ, ಅಕ್ಕಾ."

"ನನ್ನ ಹೆಸರು ಯಾಕ ಹೇಳಿದಿ?"

"ಮತ್ಯಾರ ಹೆಸರು ಹೇಳ್ಲಿ? ನಾ ತಟ್ಟಿದ್ರ ರೊಟ್ಟಿ ಸೀಳತಾವ. ನಿಮ್ಮ ಕೈ ನೋಡಿ ಇಷ್ಟು ವರ್ಷ ಹೊಟ್ಟಿ ಉರಕೊಂಡೀನ್ರಿ. ಆ ಕೈ ನನಗಿದ್ದಿದ್ರ ಈ ಮೊಸರು ಯಾಕ ಮಾರತಿದ್ದೆ?"

ತನ್ನನ್ನು ಕಂಡೂ ಒಬ್ಬರಿಗೆ ಹೊಟ್ಟೆ ಉರಿಯುತ್ತದೆ! ಗೌರಾಬಾಯಿ ಜನ್ಮದಲ್ಲಿ ಇಷ್ಟು ಸುಖದ ಮಾತು ಕೇಳಿರಲಿಲ್ಲ. ಹಿಗ್ಗು ಮೊದಲು ಬಂತು, ನಾಚಿಕೆ ಅದರ ಹಿಂದೆಯೇ ಬಂತು. ಸುಮ್ಮನಿದ್ದರೆ ಇಬ್ಬರೂ ಗಡ ಇಳಿಯಬೇಕು. ಬಾಯಿಬಿಟ್ಟರೆ ತಾನೊಬ್ಬಳೇ ಇಳಿಯಬೇಕು, ಅಂಬಾಬಾಯಿ ಮೇಲೇ ಉಳಿಯುತ್ತಾಳೆ. ಆ ಲೆಕ್ಕ ಅವಳಿಗೆ ಸಹಿಸಲಾಗಲಿಲ್ಲ. ಆದರೂ ಎದ್ದು ನಿಂತಳು.

"ಆಕಿ ಮರ ಕಡದಿಲ್ರಿ ಸಾಹೇಬ್ರ. ನಾನೇ ಸುಳ್ಳು ಹೇಳೀನಿ."

ಸಾಹೇಬನಿಗೆ ಕನ್ನಡ ತಿಳಿಯಲಿಲ್ಲ. ಪಾಪ, ಇನ್ನೊಮ್ಮೆ ಮರಾಠಿಯಲ್ಲಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಅವಳ ದನಿ ಒಡೆಯಿತು.

ಗೌರಾಬಾಯಿಯ ಜಾಗ ಹೋಯಿತು. ಅಂಬಾಬಾಯಿಗೆ ದೀಪಾಲಿ ಎಂಬುವಳು ಜೊತೆಯಾದಳು. ಅಂಬಾಬಾಯಿ ಬಹಳ ದಿನ ಮುಖ ತೋರಿಸಲಿಲ್ಲ, ತೋರಿಸುವುದಾದರೂ ಯಾಕೆ? ಆಮೇಲೊಂದು ಮಧ್ಯಾಹ್ನ ಗೌರಾಬಾಯಿಯ ಮನೆ ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತಾ ಹೇಳಿದಳು: "ದೀಪಾಲಿ ರೊಟ್ಟಿ ಯಾರೂ ತಿನ್ನವಲ್ರು. ನೀವು ಇಲ್ಲೇ ಬಡದು ಕೊಟ್ರ ಮೊದಲನೇ ಬಸ್ಸಿಗೆ ಒಯ್ತೀನಿ."

ಗೌರಾಬಾಯಿ ಒಪ್ಪಿಕೊಂಡಳು. ಈಗ ದಿನಾ ಬೆಳಿಗ್ಗೆ ಬುಟ್ಟಿ ಮೇಲೆ ಹೋಗುತ್ತದೆ, ಸಂಜೆ ಖಾಲಿಯಾಗಿ ಇಳಿಯುತ್ತದೆ.

ಮೊನ್ನೆ ಬುಟ್ಟಿ ತರಲು ಬಸ್ಸಿನ ಹತ್ತಿರ ನಿಂತಿದ್ದಳು. ಅವಳು ಕನ್ನಡ ಬೆರೆತ ಮರಾಠಿಯಲ್ಲಿ ಅಂಬಾಬಾಯಿಯ ಹೆಸರು ಹೇಳಿ ಬುಟ್ಟಿ ಕೇಳಿದ್ದು ಕಿವಿಗೆ ಬಿದ್ದು, ಇಳಿಯುತ್ತಿದ್ದ ಬೆಂಗಳೂರಿನ ಹುಡುಗಿಯೊಬ್ಬಳು ಕಣ್ಣರಳಿಸಿ ಹತ್ತಿರ ಬಂದಳು.

"ಆಂಟಿ, ನೀವೂ ಕನ್ನಡದವ್ರಾ? ಅಂಬಾಬಾಯಿಯವರು ಗೊತ್ತಾ ನಿಮಗೆ? ಅವರ ರೊಟ್ಟಿ ಒಂದ್ಸಲ ತಿಂದು ನೋಡಿ. ಆ ಥರ ರೊಟ್ಟಿ ಲೈಫಲ್ಲೇ ತಿಂದಿಲ್ಲ ನಾನು!"

"ತಿಂದೀನವ್ವಾ," ಎಂದಳು ಗೌರಾಬಾಯಿ. "ಚಲೋ ಇರ್ತಾವ."

ಹೊಟ್ಟೆ ಧಗಧಗ ಉರಿಯಿತು. ನಾಳೆ ಒಂದು ರೊಟ್ಟಿಯನ್ನಾದರೂ ಸೀಯಿಸಿ ಕಳಿಸದಿದ್ದರೆ ತನ್ನ ಹೆಸರು ಗೌರಾಬಾಯಿಯೇ ಅಲ್ಲ ಎಂದುಕೊಂಡಳು. ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಬಿಟ್ಟು, ಕೈಕಟ್ಟಿ ಕೂತಳು. ರೊಟ್ಟಿ ಉಬ್ಬಿತು. ಇನ್ನೇನು ಸೀಯಬೇಕು, ಅಷ್ಟರಲ್ಲಿ ತಡೆಯಲಾರದೆ ಕೈ ಹಾಕಿ ತಿರುವಿಬಿಟ್ಟಳು.