ಅಜ್ಜಿಯ ಪಾಲಿನ ಬಸಪ್ಪ

ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಎಲ್ಲೇ ಬರಲಿ, ನನಗೆ ಮಾಂಬಳ್ಳಿಯ ನಮ್ಮ ಹಳೆಯ ಅಡುಗೆಮನೆ ನೆನಪಾಗುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಅಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಊರಿನವರನ್ನೆಲ್ಲ ಬೈಯುತ್ತಿದ್ದ ಅಜ್ಜಿ, ಎದುರಿಗೆ ಮುದ್ದೆ ಮುರಿಯುತ್ತಾ ಕೂತ ದಾನಿ ಮಾಮ. ಪೂರ್ತಿ ಹೆಸರು ದಾನಿಯೇಲ; ಪಕ್ಕದ ಮನೆಯ ಕ್ರೈಸ್ತ ಮೇಷ್ಟ್ರ ಮಗ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಅಜ್ಜಿಯ ಕೈತುತ್ತು ತಿಂದೇ ಬೆಳೆದವರು. ಬೆಂಗಳೂರಿನಲ್ಲಿ ಓದಿ ಆಂಗ್ಲಿಕನ್ ಸಭೆಯ ಪಾದ್ರಿಯಾದರು. ಹನೂರು, ಕೊಳ್ಳೇಗಾಲದ ಚರ್ಚುಗಳಿಗೆ ಹಳೆಯ ಮೊಪೆಡ್ಡಿನಲ್ಲಿ ಓಡಾಡುವಾಗ, ದಾರಿ ನಮ್ಮ ಕಡೆಗಿರಲಿ ಬಿಡಲಿ, ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದರು. "ಲೇ ದಾನಿ, ನಿನ್ ಪ್ರಸಂಗ ಆಮೇಲೆ, ಮೊದ್ಲು ಉಣ್ಣು" ಎಂದು ಅಜ್ಜಿ ಗದರಿದರೆ ಪಾದ್ರಿಗಳು ತೆಪ್ಪಗೆ ಉಣ್ಣುತ್ತಿದ್ದರು.

ಅಂಥವರು ಪಾದ್ರಿಗಳಿಗೆಲ್ಲ ಹಿರಿಯರಾಗಿ ಬಿಷಪ್ ಆದರು. ಕೊಳ್ಳೇಗಾಲದಿಂದ ಚಿಕ್ಕಪ್ಪ ಸುದ್ದಿ ತಂದರು. ಕಿವಿ ಮಂದವಾಗಿದ್ದ ಅಜ್ಜಿಗೆ ಅದು ಬಸಪ್ಪ ಎಂದು ಕೇಳಿಸಿತು! ನಮ್ಮ ಕಡೆ ಬಸಪ್ಪಂದಿರಿಗೇನು ಬರವೇ? ಹುಡುಗ ಹೆಸರು ಬದಲಾಯಿಸಿಕೊಂಡ ಎಂದು ಮುಖ ಊದಿಸಿಕೊಂಡು ಕೂತಳು. ಎಷ್ಟು ತಿಳಿಹೇಳಿದರೂ ಊಹೂಂ. ಇನ್ನು ದಾನಿ ಎಂದರೆ ಅವನು ತಿರುಗಿಯೂ ನೋಡಲಾರ ಎಂಬ ಭಯ ಅವಳಿಗೆ ಹಿಡಿದಿತ್ತು. ಪಾಪ, ನಾವು ನಗುತ್ತಿದ್ದೆವು.

ಒಂದು ಮಧ್ಯಾಹ್ನ ಕಾರು ಬಂದು ನಿಂತಿತು. ನೇರಳೆ ನಿಲುವಂಗಿ, ಎದೆಯ ಮೇಲೆ ಶಿಲುಬೆ. ಅಜ್ಜಿ ಬಾಗಿಲಲ್ಲೇ ತಡೆದಳು. "ಯಾಕ್ಲಾ, ನಿಮ್ಮವ್ವ ಮಡಗಿದ್ ಎಸ್ರು ಏನಾಗಿತ್ತು? ಬಸಪ್ಪ ಯಾಕಾದೆ?"

ಮಾಮ ನಕ್ಕೂ ನಕ್ಕೂ ಜಗಲಿಯ ಮೇಲೆ ಕುಸಿದು ಕೂತರು. "ಅದು ಕೆಲ್ಸುದ್ ಎಸ್ರು ಕಣವ್ವ. ರಿಟೈರ್ ಆದ್ಮೇಲೆ ಬುಟ್ಟೋಯ್ತದೆ. ನಿಂಗೆ ನಾನು ದಾನಿನೇ."

ಅಜ್ಜಿ ಅಂಗಿಯ ತುದಿ ಮುಟ್ಟಿ ನೋಡಿದಳು. "ಸರಿ, ಸಾರ್ ಚೆಲ್ಕಬ್ಯಾಡ." ಅಂದು ಅವಳು ಬೇಕೆಂದೇ ಮಾತುಮಾತಿಗೂ ದಾನಿ, ದಾನಿ ಎಂದಳು. ಬಿಷಪ್ಪರು ಪ್ರತಿ ಸಲವೂ "ಓ" ಎಂದರು.

ಮಾಮ ನಿವೃತ್ತರಾಗಿ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆ ಮನೆಯೂ ಹೋಗಿ ಆರ್‌ಸಿಸಿ ಮನೆ ಎದ್ದಿತ್ತು. ನಾನೇ ಬಡಿಸಿದೆ. ಅವರು ನಗುತ್ತಲೇ ಹೇಳಿದರು: "ರಿಟೈರ್ ಆದ್ರೂ ಎಲ್ರೂ ಬಿಷಪ್ಪೇ ಅಂತಾರೆ. ನಿಮ್ಮಜ್ಜಿ ಕೂಗ್ದಂಗೆ ಒಂದ್ಸಲ ಕೂಗವ್ವ."

"ದಾನಿ ಮಾಮ" ಎಂದೆ.

"ಮಾಮ ಬ್ಯಾಡ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಅವರನ್ನು ಬರಿ ಹೆಸರು ಹಿಡಿದು ಕರೆಯುವಷ್ಟು ದೊಡ್ಡವರು ನಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.