ಹೆಬ್ಬೆರಳು ಹಿಡಿದಾಗ ಉಸಿರು ಹಿಡಿಯಿರಿ

"ಗ್ಯಾಸ್ ಆಗೇತಿ ಬಿಡ" ಎಂದು ನಮ್ಮ ಮನೆಯವರು ಇಡೀ ದಿನ ಸೋಡಾ ಕುಡಿದು ಕಳೆದರು. ಬನಹಟ್ಟಿಯಲ್ಲಿ ನಮ್ಮವು ನಾಲ್ಕು ಪವರ್‌ಲೂಮ್. ಎದೆ ಉರಿಯುತ್ತಿದ್ದರೂ ಮಗ್ಗ ನಿಲ್ಲಿಸಲಿಲ್ಲ, ಹಟಮಾರಿ ಮನುಷ್ಯ! ಮರುದಿನ ಮುಂಜಾನೆ ಬೆವರಿ, ಗೋಡೆ ಹಿಡಿದು ಕುಸಿದು ಕೂತರು.

ಹಾರ್ಟ್ ಅಟ್ಯಾಕ್.

ಬೆಳಗಾವಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಇನ್ನೇನು ಮನೆಗೆ ಹೊರಡುವುದೇ ಎಂದು ನಾನು ಚೀಲ ತುಂಬಿಟ್ಟಿದ್ದೆ. ಕೊನೆಗೊಮ್ಮೆ ಹೃದಯದ ಎಕೋ ಸ್ಕ್ಯಾನ್ ಮಾಡಿದ ಡಾಕ್ಟರು ನನ್ನನ್ನು ಕರೆದರು.

"ತಡಾ ಆಗಿದ್ದಕ್ಕ ಹೃದಯದ ತುದಿ ಸರಿಯಾಗಿ ಬಡಿಯಾಕತ್ತಿಲ್ರಿ, ಅಕ್ಕಾರ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿರಬಹುದು. ಎಕೋದಾಗ ಸ್ವಚ್ಛ ಕಾಣವಲ್ದು. ಎಂಆರ್‌ಐ ಮಾಡಿ ನೋಡೂಣು."

"ಹೆಪ್ಪಿದ್ರ ಏನಾಗತೈತ್ರಿ?"

"ತುಣುಕು ಮೆದುಳಿಗೆ ಹೋದ್ರ ಲಕ್ವಾ ಹೊಡೀತೈತಿ. ಕಂಡ್ರ ಔಷಧ ಐತಿ. ಕಾಣದ ಸುಮ್ಮನ ಕೊಟ್ರ ರಕ್ತಸ್ರಾವದ ಅಂಜಿಕಿ."

ಒಂದು ನಿಮಿಷ ಕೈ ಸುಮ್ಮನಿಟ್ಟು ಕೂತವರಲ್ಲ ಇವರು. ಆ ಕೈಯೇ ಬಿದ್ದುಹೋದರೆ?

ಇವರನ್ನು ಎಂಆರ್‌ಐ ಮಷೀನಿನೊಳಗೆ ಮಲಗಿಸಿದರು. ಅಲ್ಲಿ ಹೆಡ್‌ಫೋನಿನಲ್ಲಿ "ಉಸಿರು ಹಿಡೀರಿ", "ಬಿಡ್ರಿ" ಎನ್ನುತ್ತಾರೆ. ಹಿಡಿಯದಿದ್ದರೆ ಚಿತ್ರ ಮಸುಕು. ಸ್ವಲ್ಪ ಹೊತ್ತಿಗೆ ಟೆಕ್ನಿಷಿಯನ್ ಹುಡುಗಿ ಹೊರಬಂದಳು. "ಒಂದೂ ಛಲೋ ಬರವಲ್ದ್ರಿ. ಉಸಿರು ಹಿಡಿಯೂದೇ ಇಲ್ಲ ಅವರು."

ನನಗೆ ಆಗ ಹೊಳೆಯಿತು. ಮೂವತ್ತು ವರ್ಷ ಮಗ್ಗದ ಸಪ್ಪಳದಲ್ಲಿ ಕಳೆದ ಕಿವಿ ಅದು. ಶೆಡ್ಡಿನಲ್ಲಿ ನಾವು ಕೈಸನ್ನೆಯಲ್ಲೇ ಮಾತಾಡುವವರು. ಕಿವಿ ಮಂದ ಎಂದು ಹೇಳಲು ಇವರಿಗೆ ನಾಚಿಕೆ; ಡಾಕ್ಟರು ಏನೇ ಅಂದರೂ "ಹೂಂನ್ರಿ" ಎಂದು ತಲೆಯಾಡಿಸುವುದು. ಬನಹಟ್ಟಿಯಲ್ಲಿ ಅರ್ಧ ಗಂಡಸರು ಹೀಗೇ ಇರುವುದರಿಂದ ನಾನೂ ಅದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ನನ್ನದೂ ಹೌದು.

"ನನ್ನ ಒಳಗ ಬಿಡ್ರಿ. ನೀವು ಗಾಜಿನ್ಯಾಗಿಂದ ಕೈ ತೋರಸ್ರಿ, ನಾ ಅವರ ಕಾಲಿನ ಹೆಬ್ಬೆರಳು ಹಿಡೀತೀನಿ."

ಹುಡುಗಿ ಡಾಕ್ಟರನ್ನು ಕೇಳಿ ಬಂದಳು. ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ತಾಳಿಯನ್ನೂ. ಮನುಷ್ಯ ಉಳಿದರೆ ಸಾಕು, ತಾಳಿ ಮತ್ತ ಹಾಕೊಂಡರಾತು ಎಂದು ನನಗೆ ನಾನೇ ಹೇಳಿಕೊಂಡು ತೆಗೆದೆ.

ಬೆರಳು ಹಿಡಿದಾಗ ಉಸಿರು ಹಿಡಿಯಬೇಕು, ಬಿಟ್ಟಾಗ ಬಿಡಬೇಕು. ಸನ್ನೆಯಲ್ಲಿ ಎರಡು ಸಲ ತಿಳಿಸಿದೆ. "ತಿಳೀತು ಬಿಡ, ನಾ ಏನ್ ಕೂಸೇನ?" ಎಂದು ಗದರಿದರು. ಮಷೀನು ಗಡಗಡ ಶುರುವಾಯಿತು. ನಾನು ಬೆರಳು ಹಿಡಿದು ಗಾಜಿನತ್ತ ಕಣ್ಣು ನೆಟ್ಟೆ. ಅವರು ಒಂದು ಸಲವೂ ತಪ್ಪಲಿಲ್ಲ.

ಹೆಪ್ಪು ಇತ್ತು.

ಡಾಕ್ಟರು ಚಿತ್ರ ತೋರಿಸಿದರು. ಹೃದಯದ ತುದಿಯಲ್ಲಿ ಕಡಲೆ ಕಾಳಿನಷ್ಟು ಕಪ್ಪು. ಅಳು ಬಂತು, ಆದರೆ ಧೈರ್ಯವೂ ಬಂತು. ಶತ್ರು ಎಲ್ಲಿ ಕೂತಿದ್ದಾನೆಂದು ಗೊತ್ತಾಯಿತಲ್ಲ!

ರಕ್ತ ತೆಳುವಾಗಿಸುವ ಗುಳಿಗೆ, ಮೇಲಿಂದ ಮೇಲೆ ರಕ್ತಪರೀಕ್ಷೆ. ಮೂರು ತಿಂಗಳು ಅವರನ್ನು ಮಗ್ಗದ ಹತ್ತಿರ ಸುಳಿಯಲು ಬಿಡಲಿಲ್ಲ. ಬೈದರು, ಮುನಿಸಿಕೊಂಡರು. ನಾನೇನು ಕಡಿಮೆಯೇ? ಎರಡರಷ್ಟು ಬೈದೆ. ಆಮೇಲೆ ಮತ್ತೆ ಎಂಆರ್‌ಐ.

ಡಾಕ್ಟರು ಚಿತ್ರ ನೋಡಿ, ನಕ್ಕು, ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿಸಿತು; ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇವರು ನನ್ನ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಅಂದರು:

"ಸಾಹೇಬ್ರ, ನನಗ ಕಿವಿ ಕೇಳಸೂದಿಲ್ರಿ. ಜೋರಾಗಿ ಹೇಳ್ರಿ."

ಡಾಕ್ಟರು ಕುರ್ಚಿ ಮುಂದೆಳೆದುಕೊಂಡು ಜೋರಾಗಿ ಹೇಳಿದರು: "ಹೃದಯದ ತುದಿ ಇನ್ನೂ ಅಶಕ್ತ ಐತ್ರಿ, ಗುಳಿಗಿ ಬಿಡಬ್ಯಾಡ್ರಿ. ಆದ್ರ ಹೆಪ್ಪು ಪೂರಾ ಕರಗೇತಿ!"